ಅಜ್ಜನ ಮರದ ಬೊಂಬೆಗಳು

ಅಜ್ಜ ಮೊಮ್ಮಕ್ಕಳ ನಂಟೆಂದೊಡನೆ ನಮ್ಮ ಕಣ್ಣೆದುರಿಗೆ ಬರುವ ಚಿತ್ರ ಸಾಮಾನ್ಯವಾಗಿ ಒಂದೇ: ಜಗಲಿಯ ಮೇಲೆ ಕುಳಿತ ಮುದುಕ, ಅವನ ತೊಡೆಯ ಮೇಲೆ ಮಗು, ಇಬ್ಬರ ನಡುವೆ ಒಂದು ಕಥೆ. ಚಿತ್ರವೇನೋ ಸುಳ್ಳಲ್ಲ. ಆದರೆ ಊರಿನವರೆಲ್ಲರೂ ತಲೆ ನೆಟ್ಟಗಿಲ್ಲವೆಂದು ಹೇಳುವ ಅಜ್ಜನು ದೊರೆತ ಮಗುವಿನ ಪಾಡೇನು? ಹೆದರಿ ದೂರ ಓಡಿದ ಮೇಲೂ ನಂಟು ಉಳಿಯುವುದೆ? ಈ ಪ್ರಶ್ನೆಗೆ ಶಾಸ್ತ್ರಗ್ರಂಥಗಳಲ್ಲಿ ಉತ್ತರವನ್ನು ಹುಡುಕುವುದಕ್ಕಿಂತ ಒಂದು ಜೀವನವನ್ನು ನೋಡುವುದು ಲೇಸೆಂದು ನನಗೆ ತೋರುತ್ತದೆ.

ಮಕ್ಕಳ ಕಥೆಗಳಿಂದ ಜಗತ್ಪ್ರಸಿದ್ಧನಾದ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಡೆನ್ಮಾರ್ಕಿನ ಒಡೆನ್ಸೆ ಪಟ್ಟಣದಲ್ಲಿ ೧೮೦೫ನೆಯ ಇಸವಿಯಲ್ಲಿ ಹುಟ್ಟಿದನು. ತಂದೆ ಬಡ ಚಮ್ಮಾರ; ತಾಯಿ ಬಟ್ಟೆ ಒಗೆದು ಜೀವಿಸಿದವಳು. ತಂದೆಯ ತಂದೆಗೆ ಬುದ್ಧಿಭ್ರಮಣೆಯಾಗಿತ್ತು. ಆ ಮುದುಕನ ಕಸಬು ವಿಚಿತ್ರವಾದುದು. ಮರದ ತುಂಡುಗಳಲ್ಲಿ ಆತನು ಬೊಂಬೆಗಳನ್ನು ಕೆತ್ತುತ್ತಿದ್ದನು. ಮನುಷ್ಯನ ಮೈಗೆ ಮೃಗದ ತಲೆ, ಮೃಗದ ಮೈಗೆ ರೆಕ್ಕೆ. ಇವುಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ಹಳ್ಳಿಗಳ ಕಡೆಗೆ ಹೊರಡುವನು. ಅಲ್ಲಿ ರೈತರ ಹೆಂಗಸರಿಗೂ ಮಕ್ಕಳಿಗೂ ಬೊಂಬೆಗಳನ್ನು ಹಂಚುವನು; ಅವರು ಕೊಟ್ಟ ಧಾನ್ಯವನ್ನೂ ಮಾಂಸವನ್ನೂ ಹೊತ್ತು ಹಿಂದಿರುಗುವನು. ಹಳ್ಳಿಯಲ್ಲಿ ಆತನಿಗೆ ಆದರವಿತ್ತು, ಪಟ್ಟಣದಲ್ಲಿ ಇರಲಿಲ್ಲ. ಹಳ್ಳಿಯವನಿಗೆ ಆತನು ಬೊಂಬೆ ತರುವ ಮುದುಕ. ಪಟ್ಟಣದ ಹುಡುಗರಿಗೆ ಕೇವಲ ಹುಚ್ಚ.

ಒಂದು ದಿನ ಮುದುಕನು ಊರೊಳಕ್ಕೆ ಬರುತ್ತಿದ್ದಾಗ ಬೀದಿಯ ಹುಡುಗರು ಕೂಗಿಕೊಳ್ಳುತ್ತ ಅವನನ್ನು ಬೆನ್ನಟ್ಟಿದರು. ಮೊಮ್ಮಗನು ಅದನ್ನು ಕೇಳಿ ಒಂದು ಮೆಟ್ಟಿಲಸಾಲಿನ ಹಿಂದೆ ಅವಿತುಕೊಂಡನು. ಅಜ್ಜನ ರಕ್ತಮಾಂಸವೇ ತನ್ನದೆಂಬುದು ತನಗೆ ತಿಳಿದಿದ್ದುದರಿಂದಲೇ ಆ ಭೀತಿಯಾಯಿತೆಂದು ಆಂಡರ್ಸನ್ನನು ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಶ್ರೋತೃಗಳು ಇದನ್ನು ಸ್ವಲ್ಪ ಗಮನಿಸಬೇಕು. ಅನ್ಯನಾದ ಹುಚ್ಚನನ್ನು ಕಂಡರೆ ಮಗು ಓಡಿಹೋಗುತ್ತದೆ, ಮರುಗಳಿಗೆಯಲ್ಲಿ ಮರೆಯುತ್ತದೆ. ಇಲ್ಲಿ ಮಗು ಹೆದರಿದ್ದು ಅಜ್ಜನಿಗಲ್ಲ, ತನ್ನಲ್ಲಿಯೇ ಅಡಗಿರಬಹುದಾದ ಅಜ್ಜನಿಗೆ. ನಾಚಿಕೆಯೂ ನಂಟಿನ ಒಂದು ರೂಪವೇ ಸರಿ. ನಮಗೆ ಸಂಬಂಧಿಸದವರ ವಿಷಯದಲ್ಲಿ ನಾವು ನಾಚುವುದಿಲ್ಲವಷ್ಟೆ.

ಅಜ್ಜಿಯ ಪರಿ ಬೇರೆ. ಸೌಮ್ಯಳಾದ, ನೀಲಿಗಣ್ಣಿನ ಆ ಮುದುಕಿಗೆ ಮೊಮ್ಮಗನೇ ಪ್ರಾಣ. ಊರಿನ ಆಸ್ಪತ್ರೆಯ ತೋಟವನ್ನು ನೋಡಿಕೊಳ್ಳುವುದು ಅವಳ ಕೆಲಸ. ಶನಿವಾರ ಸಂಜೆಗಳಲ್ಲಿ ಅಲ್ಲಿಂದ ಹೂಗಳನ್ನು ತಂದುಕೊಡುತ್ತಿದ್ದಳು. ಬುದ್ಧಿಭ್ರಮಣೆಯಾದವರನ್ನೂ ಅದೇ ಆವರಣದಲ್ಲಿ ಇರಿಸಿದ್ದರು. ಅಲ್ಲಿಗೆ ಹುಡುಗನು ಅಜ್ಜಿಯೊಡನೆ ಹೋಗುವನು. ನೂಲುವ ಬಡ ಮುದುಕಿಯರ ಕೋಣೆಯಲ್ಲಿ ಕುಳಿತು, ಸೀಮೆಸುಣ್ಣದಿಂದ ಬಾಗಿಲ ಮೇಲೆ ಗೀಟು ಎಳೆದು, ಮನುಷ್ಯನ ಹೃದಯ ಎಲ್ಲಿದೆ, ಶ್ವಾಸಕೋಶ ಎಲ್ಲಿದೆ ಎಂದು ಉಪನ್ಯಾಸ ಮಾಡುವನು! ಇಷ್ಟು ಜಾಣ ಮಗು ಬಹುಕಾಲ ಬದುಕಲಾರದೆಂದು ಮುದುಕಿಯರು ಮರುಗುತ್ತಿದ್ದರಂತೆ. ಪಾಠಕ್ಕೆ ಪ್ರತಿಫಲವಾಗಿ ಅವರು ಕಥೆ ಹೇಳಿದರು. ಮುಂದೆ ಲೋಕವೆಲ್ಲ ಓದಿದ ಕಥೆಗಳಲ್ಲಿ ಕೆಲವಕ್ಕೆ ಬೀಜ ಬಿದ್ದುದು ಹೀಗೆ, ಹುಚ್ಚರ ನೆರೆಯಲ್ಲಿ.

ಅಜ್ಜಿಗೂ ಒಂದು ಗೀಳಿತ್ತು. ತನ್ನ ಅಜ್ಜಿಯು ಜರ್ಮನಿಯ ಕಾಸೆಲ್ ನಗರದ ಕುಲೀನ ಸ್ತ್ರೀಯೆಂದೂ, ನಾಟಕದವನೊಬ್ಬನನ್ನು ಮದುವೆಯಾಗಿ ಮನೆಬಿಟ್ಟು ಓಡಿದಳೆಂದೂ ಅವಳು ಹೇಳುವಳು. ನಂತರದ ಸಂಶೋಧಕರಿಗೆ ಇದಕ್ಕೆ ಯಾವ ಆಧಾರವೂ ಸಿಕ್ಕಲಿಲ್ಲ. ಮಗು ಮಾತ್ರ ನಂಬಿತು. ಶಾಲೆಯಲ್ಲಿ ಒಬ್ಬ ಹುಡುಗಿಯೊಡನೆ, ತಾನು ದೊಡ್ಡ ಮನೆತನದಲ್ಲಿ ಹುಟ್ಟಿ ಅದಲುಬದಲಾದ ಶಿಶುವೆಂದೂ ದೇವದೂತರು ತನ್ನೊಡನೆ ಮಾತನಾಡುವರೆಂದೂ ಹೇಳಿತು. ಹುಡುಗಿ ಬೆರಗಾಗಲಿಲ್ಲ, ಪಕ್ಕದ ಹುಡುಗನ ಕಡೆ ತಿರುಗಿ, ಇವನೂ ಅಜ್ಜನ ಹಾಗೆಯೇ ಹುಚ್ಚನೆಂದಳು. ಅಜ್ಜಿ ಕೊಟ್ಟ ಕಿರೀಟವನ್ನು ತೊಟ್ಟು ನಿಂತವನಿಗೆ ಅಜ್ಜನ ಹೆಸರಿನ ಏಟು ಬಿದ್ದಿತು. ಆ ಅಂಜಿಕೆ ಅವನನ್ನು ದೊಡ್ಡವನಾದ ಮೇಲೂ ಬಿಡಲಿಲ್ಲ. ಇಂಥ ವ್ಯಾಧಿಯು ಅಜ್ಜನಿಂದ ಮೊಮ್ಮಗನಿಗೆ ಮನೆಯಂತೆ ಹೊಲದಂತೆ ತಪ್ಪದೆ ಇಳಿದುಬರುವುದಿಲ್ಲವೆಂದು ಇಂದಿನ ವೈದ್ಯರು ಹೇಳುತ್ತಾರೆ. ಅದನ್ನು ಆ ಹುಡುಗನಿಗೆ ಹೇಳುವವರು ಯಾರಿದ್ದರು? ನಮ್ಮ ಮನೆಗಳಲ್ಲಿಯೂ, ವಂಶದಲ್ಲೇ ಇದೆಯೆಂದು ಮಕ್ಕಳ ಕಿವಿಗೆ ಬೀಳುವಂತೆ ಪಿಸುಗುಟ್ಟುವ ಹಿರಿಯರು ಕಡಮೆಯೇನಲ್ಲ.

ಅಜ್ಜನು ಮೊಮ್ಮಗನೊಡನೆ ಮಾತನಾಡಿದುದು ಒಂದೇ ಒಂದು ಸಲ. ಆಗ ಅವನು ಹುಡುಗನನ್ನು ಬಹುವಚನದಿಂದ ಸಂಬೋಧಿಸಿದನು. ಕನ್ನಡಿಗರಿಗೆ ಇದರ ಸ್ವಾರಸ್ಯ ಇಂಗ್ಲಿಷರಿಗಿಂತ ಚೆನ್ನಾಗಿ ತಿಳಿಯುವುದು. ನಮ್ಮ 'ನೀನು', 'ನೀವು'ಗಳಂತೆ ಆ ಕಾಲದ ಡೇನಿಷ್ ಭಾಷೆಯಲ್ಲಿಯೂ ಆಪ್ತರಿಗೊಂದು, ಪರಕೀಯರಿಗೊಂದು ಮಾತು ಬಳಕೆಯಲ್ಲಿತ್ತು. ಇದು ಭ್ರಮೆಯಲ್ಲಿ ಮೊಮ್ಮಗನ ಗುರುತು ತಪ್ಪಿದುದೊ, ಎಲ್ಲರಿಂದಲೂ ಅವಮಾನ ಪಡೆದವನು ಒಂದು ಮಗುವಿಗೆ ಸಲ್ಲಿಸಿದ ಮರ್ಯಾದೆಯೊ? ನಾನು ಎರಡನೆಯದನ್ನೇ ನಂಬಲು ಇಷ್ಟಪಡುತ್ತೇನೆ. ಆದರೆ ಮಗುವಿನ ಮನಸ್ಸಿಗೆ ನಾಟಿದುದು ದೂರವೇ ಇರಬೇಕು. ೧೮೩೧ರಲ್ಲಿ ಆಂಡರ್ಸನ್ನನು ತನ್ನ ಮಿತ್ರ ಎಡ್ವರ್ಡ್ ಕಾಲಿನ್ನನಿಗೆ, ಇನ್ನು ಮೇಲೆ ನಾವು ಏಕವಚನದಲ್ಲಿ ಮಾತನಾಡೋಣವೆಂದು ಬರೆದು ಬೇಡಿದನು; ಕಾಲಿನ್ನನು ಒಪ್ಪಲಿಲ್ಲ. ೧೮೪೭ರಲ್ಲಿ ಪ್ರಕಟವಾದ 'ನೆರಳು' ಎಂಬ ಕಥೆಯಲ್ಲಿ ನೆರಳೇ ತನ್ನ ಯಜಮಾನನಿಗೆ ಆ ಸಲುಗೆಯನ್ನು ನಿರಾಕರಿಸುತ್ತದೆ. ಒಂದು ಸರ್ವನಾಮವು ಈತನನ್ನು ಇಷ್ಟು ಕಾಡಿತೆಂದರೆ, ಅಜ್ಜನ ಆ ಏಕಮಾತ್ರ ಸಂಭಾಷಣೆಯನ್ನು ಐವತ್ತರ ವಯಸ್ಸಿನಲ್ಲಿಯೂ ನೆನೆದು ಬರೆದುದು ಸೋಜಿಗವಲ್ಲ.

೧೮೧೯ರಲ್ಲಿ, ಹದಿನಾಲ್ಕು ವರ್ಷದವನಾಗಿ, ಆಂಡರ್ಸನ್ನನು ಒಡೆನ್ಸೆಯನ್ನು ಬಿಟ್ಟು ಕೋಪನ್‌ಹೇಗನ್‌ಗೆ ಹೋದನು. ಮಕ್ಕಳಿಗಾಗಿ ಬರೆದ ಕಥೆಗಳ ಮೊದಲ ಪುಸ್ತಿಕೆ ಹೊರಬಂದುದು ೧೮೩೫ರಲ್ಲಿ. ಕೀರ್ತಿ ಬಂದಮೇಲೆ ದೊಡ್ಡ ಮನೆಗಳಿಗೆ ಅತಿಥಿಯಾಗಿ ಹೋದಾಗ ಆತನಿಗೆ ಒಂದು ಅಭ್ಯಾಸವಿತ್ತು. ಕಾಗದವನ್ನು ಮಡಿಸಿ, ದೊಡ್ಡ ಕತ್ತರಿಯನ್ನು ಹಿಡಿದು, ಮಕ್ಕಳಿಗೆ ಕಥೆ ಹೇಳುತ್ತ ಹೇಳುತ್ತ ಕತ್ತರಿಸುವನು. ಕಥೆ ಮುಗಿಯುವ ವೇಳೆಗೆ ಮಡಿಕೆಯನ್ನು ಬಿಡಿಸಿದರೆ ಚಿತ್ರ ಸಿದ್ಧ. ಅದನ್ನು ಮಕ್ಕಳಿಗೇ ಕೊಟ್ಟುಬಿಡುವನು. ಅಜ್ಜನನ್ನು ಕಂಡು ಅವಿತುಕೊಂಡವನು ಅಜ್ಜನ ಕಸಬನ್ನೇ ಕೈಗೆತ್ತಿಕೊಂಡಿದ್ದನು. ಮರದ ಬದಲು ಕಾಗದ, ಉಳಿಯ ಬದಲು ಕತ್ತರಿ. ಇದನ್ನು ಆತನು ತಿಳಿದು ಮಾಡಿದನೆಂದು ನಾನು ಹೇಳಲಾರೆ. ಆ ಕಾಗದದ ಚಿತ್ರಗಳಲ್ಲಿ ಹಲವು ಒಡೆನ್ಸೆಯ ವಸ್ತುಸಂಗ್ರಹಾಲಯದಲ್ಲಿವೆ. ಹಂಸಗಳಿವೆ, ನರ್ತಕಿಯರಿದ್ದಾರೆ, ಅವರ ನಡುವೆ ಗಾಳಿಗಿರಣಿಯನ್ನೇ ಒಡಲಾಗಿ ಪಡೆದ ಮನುಷ್ಯನೂ ಇದ್ದಾನೆ.