ಸರಕು ಸಾಗಣೆ ವಾಹನಗಳ ಪ್ರೊಪೆಲ್ಲರ್ ಶಾಫ್ಟ್: ‘ಕಟಕ್’ ಶಬ್ದದ ಕಾರಣ ಮತ್ತು ಗ್ರೀಸ್ ತುಂಬುವ ಕ್ರಮ

ಚಾಮರಾಜನಗರ ಜಿಲ್ಲೆಯಲ್ಲಿ ಸರಕು ಸಾಗಣೆ ವಾಹನಗಳ ಅರ್ಹತಾ ಪತ್ರದ ನವೀಕರಣಕ್ಕೆ ಅರ್ಜಿ ಸಲ್ಲಿಸುವ ಮಾಲೀಕರು ಹಾಗೂ ಚಾಲಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಕ್ಲಚ್ ಬಿಟ್ಟು ಲಾರಿ ಹೊರಡುವಾಗ, ಹಿಂದಕ್ಕೆ ತೆಗೆಯುವಾಗ ಅಥವಾ ಲಾರಿ ನಿಂತ ಮರುಕ್ಷಣದಲ್ಲಿ ತಳಭಾಗದಿಂದ ಕೇಳಿಬರುವ ‘ಕಟಕ್’ ಎಂಬ ಶಬ್ದವನ್ನು ಹಳೆಯ ವಾಹನದ ಸಹಜ ಗುಣವೆಂದು ಭಾವಿಸುವವರುಂಟು. ಹಲವು ಸಂದರ್ಭಗಳಲ್ಲಿ ಅದು ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟುಗಳಲ್ಲಿ ಗ್ರೀಸ್ ಒಣಗಿರುವುದರ ಸೂಚನೆಯಾಗಿರುತ್ತದೆ. ಸಕಾಲದಲ್ಲಿ ಗ್ರೀಸ್ ತುಂಬಿದಲ್ಲಿ ಶಬ್ದವು ನಿಲ್ಲುತ್ತದೆ. ಆದರೆ ಜಾಯಿಂಟು ಸವೆದ ಮೇಲೆ ತುಂಬಿದ ಗ್ರೀಸ್ ಶಬ್ದವನ್ನು ಕೆಲವು ದಿನ ಅಡಗಿಸಬಲ್ಲದೇ ಹೊರತು ದೋಷವನ್ನು ನಿವಾರಿಸುವುದಿಲ್ಲ. ಈ ವ್ಯತ್ಯಾಸವನ್ನು ಮಾಲೀಕರು ಮುಖ್ಯವಾಗಿ ಗಮನಿಸತಕ್ಕದ್ದು.

ಈ ಜಿಲ್ಲೆಯ ರಸ್ತೆಗಳ ಸ್ವರೂಪದಿಂದಾಗಿ ವಿಷಯಕ್ಕೆ ಹೆಚ್ಚಿನ ಮಹತ್ವವಿದೆ. ಚಾಮರಾಜನಗರದ ಕರಿಕಲ್ಲು ಗಣಿಗಳಿಂದ ಭಾರವಾದ ದಿಮ್ಮಿಗಳನ್ನು ಹೇರಿಕೊಂಡು ಬರುವ ಲಾರಿಗಳು ಧೂಳು ತುಂಬಿದ ಏರುದಾರಿಯಲ್ಲಿ ಮೊದಲನೇ ಗೇರಿನಲ್ಲಿಯೇ ಹೊರಡಬೇಕಾಗುತ್ತದೆ. ಗುಂಡ್ಲುಪೇಟೆಯಿಂದ ತರಕಾರಿ, ಬಾಳೆ ಸಾಗಿಸುವ ವಾಹನಗಳು ಹಿಂದೆ 212 ಎಂದು ಕರೆಯಲಾಗುತ್ತಿದ್ದ ಈಗಿನ ರಾಷ್ಟ್ರೀಯ ಹೆದ್ದಾರಿ 766ರ ಮೂಲಕ ವಯನಾಡನ್ನು ದಾಟಿ ತಾಮರಶ್ಶೇರಿ ಘಾಟಿಯನ್ನು ಇಳಿಯುತ್ತವೆ. ಉದಕಮಂಡಲದ ಕಡೆಗೆ ಹೆದ್ದಾರಿ 181ರಲ್ಲಿ ಗೂಡಲೂರು ದಾಟಿದ ಮೇಲೆ ಏರುದಾರಿ ಇದೆ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿ 948ರಲ್ಲಿ ದಿಂಬಂ ಘಾಟಿಯ 27 ತಿರುವುಗಳಿವೆ. ಇಳಿಜಾರಿನಲ್ಲಿ ಲಾರಿಯನ್ನು ಗೇರಿನಲ್ಲಿಟ್ಟು ಇಳಿಸುವಾಗ ಎಂಜಿನ್ನಿನ ಹಿಡಿತವು ಚಕ್ರಗಳಿಗೆ ತಲುಪುವುದು ಪ್ರೊಪೆಲ್ಲರ್ ಶಾಫ್ಟಿನ ಮೂಲಕವೇ. ಘಾಟಿಯ ನಡುವೆ ಶಾಫ್ಟ್ ಕಳಚಿದಲ್ಲಿ ಆ ಹಿಡಿತವು ಒಮ್ಮೆಲೇ ಇಲ್ಲವಾಗಿ ಇಡೀ ಭಾರವು ಬ್ರೇಕಿನ ಮೇಲೆಯೇ ಬೀಳುತ್ತದೆ. ತಿರುಗುತ್ತಲೇ ಕಳಚಿದ ಶಾಫ್ಟ್ ಪಕ್ಕದ ಬ್ರೇಕಿನ ಗಾಳಿ ಕೊಳವೆಗೆ ಬಡಿದರೆ ಬ್ರೇಕು ಸಹ ಕೈಕೊಡುವ ಸಂಭವವಿದೆ.

ಬಂಡೀಪುರ ಅರಣ್ಯದೊಳಗಿನ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನು ನಿರ್ಬಂಧಿಸಲಾಗಿದೆ. ಮದ್ದೂರು ಅಥವಾ ಮೇಲುಕಾಮನಹಳ್ಳಿ ತನಿಖಾ ಠಾಣೆಯನ್ನು ಸಂಜೆ ದಾಟಿದ ಲಾರಿ ಕಾಡಿನ ನಡುವೆ ಕೆಟ್ಟು ನಿಂತರೆ ಮೆಕ್ಯಾನಿಕ್ಕನ್ನು ಕರೆತರುವುದಕ್ಕೂ ಅಡಚಣೆಯಾಗುತ್ತದೆ; ತರಕಾರಿಯಾದರೆ ಬೆಳಗಾಗುವುದರೊಳಗೆ ಬಾಡುತ್ತದೆ.

ಶಬ್ದ ಉಂಟಾಗುವ ಬಗೆ

ಗೇರ್‌ಬಾಕ್ಸ್ ಚಾಸಿಗೆ ಭದ್ರವಾಗಿ ಕೂಡಿಕೊಂಡಿರುತ್ತದೆ. ಹಿಂದಿನ ಹೌಸಿಂಗ್ ಮಾತ್ರ ಸ್ಪ್ರಿಂಗಿನೊಂದಿಗೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಇವೆರಡನ್ನು ಜೋಡಿಸುವ ಶಾಫ್ಟಿನ ಕೋನವೂ ಉದ್ದವೂ ಹಳ್ಳದಿಣ್ಣೆಗಳಿಗೆ ಅನುಗುಣವಾಗಿ ಬದಲಾಗಬೇಕಾಗುತ್ತದೆ. ಕೋನದ ಬದಲಾವಣೆಗಾಗಿ ಯೂನಿವರ್ಸಲ್ ಜಾಯಿಂಟುಗಳೂ, ಉದ್ದದ ಬದಲಾವಣೆಗಾಗಿ ಒಂದರೊಳಗೊಂದು ಸರಿಯುವ ಹಲ್ಲುಗಳುಳ್ಳ ಸ್ಲಿಪ್ ಜಾಯಿಂಟೂ ಇರುತ್ತವೆ. ಯೂನಿವರ್ಸಲ್ ಜಾಯಿಂಟಿನ ನಡುವಿನ ಕೂಡುಗಂಬಿಯನ್ನು ಗ್ಯಾರೇಜುಗಳಲ್ಲಿ ‘ಕ್ರಾಸ್’ ಎನ್ನುತ್ತಾರೆ. ಅದರ ನಾಲ್ಕು ತುದಿಗಳಿಗೂ ಸೂಜಿಯಂತಹ ಸಣ್ಣ ರೋಲರುಗಳುಳ್ಳ ಬಟ್ಟಲುಗಳಿರುತ್ತವೆ.

ಈ ರೋಲರುಗಳು ಚಕ್ರದ ಬೇರಿಂಗಿನಂತೆ ಪೂರ್ತಿ ಸುತ್ತುವುದಿಲ್ಲ. ಒಂದೇ ಜಾಗದಲ್ಲಿ ಅತ್ತಿತ್ತ ಅಲ್ಪ ಕೋನದಷ್ಟು ಮಾತ್ರ ತೊನೆಯುತ್ತವೆ. ಆದ್ದರಿಂದ ಭಾರ ಬೀಳುವ ಜಾಗದಿಂದ ಗ್ರೀಸ್ ಬದಿಗೆ ಸರಿದರೆ ಮರಳಿ ಬರುವುದು ಕಷ್ಟ. ಲೋಹಕ್ಕೆ ಲೋಹ ತಗುಲಿ ಕ್ರಾಸಿನ ತುದಿಯಲ್ಲಿ ರೋಲರುಗಳ ಗೆರೆಗಳು ಅಚ್ಚೊತ್ತಿದಂತೆ ಮೂಡುತ್ತವೆ. ಆ ಸಡಿಲವೇ, ಚಾಲನೆಯ ಒತ್ತಡ ಒಂದು ದಿಕ್ಕಿನಿಂದ ಇನ್ನೊಂದಕ್ಕೆ ತಿರುಗಿದಾಗ, ಶಬ್ದವಾಗಿ ಕೇಳಿಬರುತ್ತದೆ. ಸ್ಲಿಪ್ ಜಾಯಿಂಟು ಒಣಗಿದ್ದಲ್ಲಿ ಹಲ್ಲುಗಳು ಹಿಡಿದುಕೊಂಡು ಆಮೇಲೆ ತಟ್ಟನೆ ಬಿಡುತ್ತವೆ. ಲಾರಿ ನಿಂತ ಕ್ಷಣದಲ್ಲಿ ಅಥವಾ ಹೊರಟ ಕೂಡಲೇ ಒಂದೇ ಒಂದು ‘ಕಟಕ್’ ಕೇಳಿಸಿದರೆ ಮೊದಲು ಸ್ಲಿಪ್ ಜಾಯಿಂಟನ್ನು ಸಂಶಯಿಸುವುದು ಸೂಕ್ತ. ವೇಗಕ್ಕೆ ತಕ್ಕಂತೆ ಹೆಚ್ಚುವ ಕಿರ್ ಕಿರ್ ಸದ್ದು ಒಣಗಿದ ಕ್ರಾಸಿನದು. ವೇಗ ಹೆಚ್ಚಿದಾಗ ಲಾರಿಯ ನೆಲವೇ ನಡುಗಿದರೆ ಸೆಂಟರ್ ಬೇರಿಂಗನ್ನೂ ನೋಡಿಸಬೇಕು. ಹೌಸಿಂಗಿನ ಕ್ರೌನ್ ಹಲ್ಲುಗಳ ಸವೆತ, ಸ್ಪ್ರಿಂಗಿನ ಯು-ಬೋಲ್ಟ್ ಸಡಿಲಿಕೆ ಇವುಗಳಿಂದಲೂ ಇಂತಹುದೇ ಶಬ್ದ ಬರುವುದರಿಂದ ಎಲ್ಲ ಶಬ್ದಕ್ಕೂ ಗ್ರೀಸೇ ಮದ್ದೆಂದು ತಿಳಿಯಬಾರದು.

ಗ್ರೀಸ್ ತುಂಬುವ ಕ್ರಮ

ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಗಳ ಹಿಂದೆ ಮುಂದೆ ಗಟ್ಟಿಯಾದ ಮರದ ತುಂಡುಗಳನ್ನು ಕೊಡತಕ್ಕದ್ದು. ಎಂಜಿನ್ ನಿಲ್ಲಿಸಿ ಕೀಲಿಯನ್ನು ಕೆಳಗೆ ಮಲಗುವವರೇ ತಮ್ಮ ಬಳಿ ಇರಿಸಿಕೊಳ್ಳುವುದು ಕ್ಷೇಮಕರ. ಕ್ಯಾಬಿನ್ನಿನಲ್ಲಿ ಇರುವವರ ನೆನಪನ್ನು ನಂಬುವಂತಿಲ್ಲ. ಈ ಕೆಲಸಕ್ಕೆ ಜಾಕಿ ಹಾಕುವ ಅಗತ್ಯವಿಲ್ಲ.

ಗ್ರೀಸಿನ ದರ್ಜೆಯನ್ನು ವಾಹನ ತಯಾರಕರ ಕೈಪಿಡಿಯಂತೆ ಆಯ್ದುಕೊಳ್ಳತಕ್ಕದ್ದು. ಸಾಮಾನ್ಯವಾಗಿ ಅಧಿಕ ಒತ್ತಡವನ್ನು ತಾಳುವ, 2ನೇ ದರ್ಜೆಯ ಲಿಥಿಯಂ ಗ್ರೀಸನ್ನು ಸೂಚಿಸಲಾಗಿರುತ್ತದೆ. ಬೇರೆ ಬೇರೆ ಬಗೆಯ ಗ್ರೀಸುಗಳನ್ನು ಬೆರೆಸಿದರೆ ಅವು ತೆಳುವಾಗಿ ಹರಿದುಹೋಗುವ ಸಾಧ್ಯತೆಯಿರುವುದರಿಂದ ಡಬ್ಬಿ ಬದಲಿಸುವಾಗ ಎಚ್ಚರಿಕೆ ಅವಶ್ಯಕ. ಮೊದಲು ಪ್ರತಿ ನಿಪ್ಪಲನ್ನೂ ಬಟ್ಟೆಯಿಂದ ಚೆನ್ನಾಗಿ ಒರೆಸಬೇಕು. ಗಣಿಗೆ ಹೋಗುವ ಲಾರಿಗಳಲ್ಲಿ ಇದನ್ನು ಮರೆತರೆ ನಿಪ್ಪಲಿನ ಮೇಲಿನ ಕಲ್ಲಿನ ಪುಡಿಯನ್ನು ಗನ್ ತಾನಾಗಿಯೇ ರೋಲರುಗಳ ನಡುವೆ ತಳ್ಳುತ್ತದೆ. ಅಂತಹ ಗ್ರೀಸಿಗಿಂತ ಗ್ರೀಸ್ ಇಲ್ಲದಿರುವುದೇ ಮೇಲೆಂದರೂ ತಪ್ಪಿಲ್ಲ.

ಕ್ರಾಸಿಗೆ ಕೈಗನ್ನಿನಿಂದ ನಿಧಾನವಾಗಿ ಗ್ರೀಸ್ ತುಂಬುತ್ತ ನಾಲ್ಕೂ ಬಟ್ಟಲುಗಳ ಸೀಲಿನ ಅಂಚಿನಿಂದ ಹಳೆಯ ಗ್ರೀಸ್ ಹೋಗಿ ಹೊಸ ಗ್ರೀಸ್ ಇಣುಕುವವರೆಗೆ ಮುಂದುವರಿಸತಕ್ಕದ್ದು. ಮೂರರಲ್ಲಿ ಬಂದು ಒಂದರಲ್ಲಿ ಬಾರದಿದ್ದರೆ ಕೆಲಸ ಮುಗಿಯಿತೆಂದು ಏಳಬಾರದು. ಗ್ರೀಸ್ ಬಾರದ ಆ ಒಂದು ಬಟ್ಟಲೇ ಮೊದಲು ಸವೆಯುವುದು. ಶಾಫ್ಟನ್ನು ಕೈಯಿಂದ ಪಕ್ಕಕ್ಕೆ ಅಲುಗಿಸುತ್ತ ಮತ್ತೆ ತುಂಬಿ ನೋಡಬೇಕು. ಆಗಲೂ ಬಾರದಿದ್ದಲ್ಲಿ ಜಾಯಿಂಟನ್ನು ಮೆಕ್ಯಾನಿಕ್ಕಿನಿಂದ ಬಿಚ್ಚಿಸಿ ನೋಡುವುದು ಅನಿವಾರ್ಯ. ಸ್ಲಿಪ್ ಜಾಯಿಂಟಿನ ತುದಿಯ ಸಣ್ಣ ರಂಧ್ರದಿಂದ ಗ್ರೀಸ್ ಹೊರಬಂದಾಗ ಅದನ್ನು ಬೆರಳಿನಿಂದ ಮುಚ್ಚಿ, ಇನ್ನೊಂದು ತುದಿಯ ಸೀಲಿನಲ್ಲಿ ಗ್ರೀಸ್ ಕಾಣುವವರೆಗೆ ತುಂಬಬೇಕು. ಎರಡು ತುಂಡಿನ ಶಾಫ್ಟ್ ಇರುವ ಲಾರಿಗಳಲ್ಲಿ ಸಾಮಾನ್ಯವಾಗಿ ಮೂರು ಕ್ರಾಸುಗಳಿರುತ್ತವೆ. ನಡುವಿನದು ಕೈಗೆ ಸುಲಭವಾಗಿ ಸಿಗದ ಕಾರಣ ಬಿಟ್ಟುಹೋಗುವುದೂ ಅದೇ. ನಿಪ್ಪಲ್ ಇಲ್ಲದ ಜಾಯಿಂಟುಗಳಿಗೆ ಗ್ರೀಸ್ ತುಂಬುವಂತಿಲ್ಲ. ಅವು ಹಾಳಾದಾಗ ಬದಲಿಸುವುದೇ ಕ್ರಮ.

ಹೊರಬಂದ ಹಳೆಯ ಗ್ರೀಸನ್ನು ಒರೆಸಿ ಬಿಸಾಡುವ ಮುನ್ನ ಬೆರಳುಗಳ ನಡುವೆ ಉಜ್ಜಿ ನೋಡುವುದು ಒಳಿತು. ಕಪ್ಪಾಗಿ ನುಣುಪಾಗಿದ್ದರೆ ಚಿಂತೆಯಿಲ್ಲ. ಹಾಲಿನಂತೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆ. ತುಕ್ಕಿನ ಬಣ್ಣದ ಪುಡಿಯಾಗಲಿ ಹೊಳೆಯುವ ಲೋಹದ ಕಣಗಳಾಗಲಿ ಕಂಡುಬಂದಲ್ಲಿ ಕ್ರಾಸನ್ನು ಬದಲಿಸತಕ್ಕದ್ದು. ಶಾಫ್ಟನ್ನು ಎರಡೂ ಕೈಗಳಿಂದ ಹಿಡಿದು ಮೇಲೆ ಕೆಳಗೆ ಒತ್ತಿದಾಗ ಜಾಯಿಂಟಿನಲ್ಲಿ ಕೈಗೆ ತಿಳಿಯುವಷ್ಟು ಸಡಿಲವಿದ್ದರೂ ಅದೇ ಕ್ರಮ ಅನ್ವಯಿಸುತ್ತದೆ. ಗ್ರೀಸ್ ತುಂಬಿದ ಮೇಲೆ ಶಬ್ದ ನಿಂತು ಕೆಲವೇ ದಿನಗಳಲ್ಲಿ ಮರಳಿದರೆ ಮತ್ತೆ ಮತ್ತೆ ತುಂಬಿಸುವುದರಿಂದ ಪ್ರಯೋಜನವಿಲ್ಲ.

ಶಾಫ್ಟನ್ನು ಬಿಚ್ಚಿದಾಗ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಕೋನದಲ್ಲಿ ತಿರುಗುವ ಒಂಟಿ ಜಾಯಿಂಟು ಪ್ರತಿ ಸುತ್ತಿಗೆ ಎರಡು ಬಾರಿ ವೇಗವನ್ನು ಏರಿಳಿಸುತ್ತದೆ; ಇನ್ನೊಂದು ತುದಿಯ ಜಾಯಿಂಟು ಸರಿಯಾದ ನೇರದಲ್ಲಿದ್ದರೆ ಮಾತ್ರ ಆ ಏರಿಳಿತ ರದ್ದಾಗುತ್ತದೆ. ಸ್ಲಿಪ್ ಜಾಯಿಂಟಿನ ಎರಡೂ ಭಾಗಗಳ ಮೇಲಿನ ಬಾಣದ ಗುರುತುಗಳನ್ನು ಕೂಡಿಸಿಯೇ ಜೋಡಿಸಬೇಕು. ಗುರುತು ಅಳಿಸಿದ್ದರೆ ಬಿಚ್ಚುವ ಮೊದಲೇ ಬಣ್ಣದಿಂದ ಗೆರೆ ಎಳೆದುಕೊಳ್ಳುವುದು.

ಅರ್ಹತಾ ಪತ್ರ ಮತ್ತು ಮಾಲೀಕರ ಹೊಣೆ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 62ರಂತೆ 8 ವರ್ಷದವರೆಗಿನ ಸಾರಿಗೆ ವಾಹನಗಳಿಗೆ 2 ವರ್ಷಕ್ಕೂ, ಅದಕ್ಕಿಂತ ಹಳೆಯ ವಾಹನಗಳಿಗೆ 1 ವರ್ಷಕ್ಕೂ ಅರ್ಹತಾ ಪತ್ರವನ್ನು ನವೀಕರಿಸಲಾಗುತ್ತದೆ. ತಪಾಸಣೆಯ ದಿನ ಬರಿದಾಗಿ ಬಂದ ಲಾರಿಯಲ್ಲಿ ಕೇಳಿಸದ ಶಬ್ದವು ಕಲ್ಲು ಹೇರಿದ ದಿನ ಕೇಳಿಸಬಹುದು. ಆದುದರಿಂದ ಪತ್ರದ ಅವಧಿಯಿದೆ ಎಂಬ ಕಾರಣಕ್ಕೆ ಶಬ್ದವನ್ನು ಕಡೆಗಣಿಸುವಂತಿಲ್ಲ. ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 190ರಂತೆ, ಅಪಾಯಕಾರಿ ದೋಷವು ತಿಳಿದಿದ್ದರೂ ಅಥವಾ ಸಾಮಾನ್ಯ ಎಚ್ಚರ ವಹಿಸಿದ್ದರೆ ತಿಳಿಯಬಹುದಾಗಿದ್ದರೂ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸುವುದು ಮಾತ್ರವಲ್ಲ, ಚಲಾಯಿಸಲು ಬಿಡುವುದೂ ದಂಡನೀಯವಾಗಿದೆ. ದಿನವೂ ಕೇಳಿಬಂದ ಶಬ್ದವನ್ನು ತಿಳಿಯಲಿಲ್ಲವೆಂದು ಹೇಳುವುದು ಸುಲಭವಲ್ಲ. ಚಾಲಕರು ಶಬ್ದದ ವಿಷಯವನ್ನು ಮಾಲೀಕರ ಗಮನಕ್ಕೆ ತಂದಾಗ ‘ಇನ್ನೊಂದು ಟ್ರಿಪ್ ಆಗಲಿ’ ಎಂದು ಮುಂದೂಡಿದರೆ ಹೊಣೆಯು ಚಾಲಕರ ಮೇಲೆ ಮಾತ್ರವೇ ಉಳಿಯುವುದಿಲ್ಲ.

ಗ್ರೀಸ್ ತುಂಬುವ ಅಂತರವನ್ನು ವಾಹನದ ಕೈಪಿಡಿಯಲ್ಲಿ ಕಿ.ಮೀ. ಹಾಗೂ ತಿಂಗಳ ಲೆಕ್ಕದಲ್ಲಿ ನೀಡಲಾಗಿರುತ್ತದೆ; ಎರಡರಲ್ಲಿ ಮೊದಲು ಬರುವುದನ್ನು ಪಾಲಿಸತಕ್ಕದ್ದು. ಗಣಿಯ ಧೂಳಿನಲ್ಲಿ ಓಡುವ ವಾಹನಗಳಿಗೆ ಈ ಅಂತರವನ್ನು ಇನ್ನೂ ಕಡಿಮೆ ಮಾಡಿಕೊಳ್ಳಬೇಕು. ಹಳ್ಳದ ನೀರಿನಲ್ಲಿ ಇಳಿದು ಬಂದ ಅಥವಾ ಒತ್ತಡದ ನೀರಿನಿಂದ ತೊಳೆಸಿದ ವಾಹನಕ್ಕೆ ಕಿ.ಮೀ. ಲೆಕ್ಕ ನೋಡದೆ ಅಂದೇ ಗ್ರೀಸ್ ತುಂಬಿಸುವುದು. ತುಂಬಿಸಿದ ದಿನಾಂಕ ಮತ್ತು ಕಿ.ಮೀ. ಅಂಕಿಯನ್ನು ಲಾರಿಯಲ್ಲಿಯೇ ಇರುವ ಟ್ರಿಪ್ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟಲ್ಲಿ ಚಾಲಕರು ಬದಲಾದಾಗಲೂ ಲೆಕ್ಕ ತಪ್ಪುವುದಿಲ್ಲ.