ಬೆನ್ನು ಎಷ್ಟು ಹೊತ್ತು ಬಗ್ಗಿತ್ತು?

‘ದಿನದ ಕೆಲಸದಲ್ಲಿ ಎಷ್ಟು ಹೊತ್ತು ಬಗ್ಗಿರುತ್ತೀರಿ? ಕಾಲುಭಾಗವೇ, ಅರ್ಧವೇ, ಅದಕ್ಕೂ ಹೆಚ್ಚೇ?’ ಬೆನ್ನುನೋವಿನ ಮೂಲ ಹುಡುಕುವ ಸಂಶೋಧಕರು ಕಾರ್ಮಿಕರ ಮುಂದಿಡುವ ಪ್ರಶ್ನಾವಳಿಗಳಲ್ಲಿ ಇಂಥದ್ದೊಂದು ಪ್ರಶ್ನೆ ಇದ್ದೇ ಇರುತ್ತದೆ. ಸಾವಿರಾರು ಜನರನ್ನು ಕಡಿಮೆ ಖರ್ಚಿನಲ್ಲಿ ವಿಚಾರಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಉತ್ತರವನ್ನು ಎಷ್ಟು ನಂಬಬೇಕು ಎಂಬುದೇ ತಕರಾರು.

ಸ್ಟಾಕ್‌ಹೋಮ್‌ನ ‘ಮ್ಯೂಸಿಕ್’ ಅಧ್ಯಯನ (ಸಂಗೀತಕ್ಕೂ ಅದಕ್ಕೂ ನಂಟಿಲ್ಲ) ಈ ಉತ್ತರಗಳನ್ನು ಒರೆಗೆ ಹಚ್ಚಿತು. 1993ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಒಂದು ಭಂಗಿಯಲ್ಲಿ ಕೆಲಸ ಮಾಡುತ್ತೀರೋ ಇಲ್ಲವೋ ಎಂದಷ್ಟೇ ಕೇಳಿದರೆ ಹಲವು ಉತ್ತರಗಳು ನಂಬುವಂತಿದ್ದವು. ಎಷ್ಟು ಹೊತ್ತು ಎಂದು ಬಿಡಿಸಿ ಕೇಳಿದಾಗ ತಾಳೆ ತಪ್ಪಿತು.

ಇದರಲ್ಲಿ ಸುಳ್ಳು ಹೇಳುವ ಮಾತಿಲ್ಲ. ಕೈಕಾಲು ಈ ಕ್ಷಣ ಎಲ್ಲಿವೆ ಎಂಬ ಸುದ್ದಿಯನ್ನು ಸ್ನಾಯುಗಳೊಳಗಿನ ಸಂವೇದಕಗಳು ಮಿದುಳಿಗೆ ಮುಟ್ಟಿಸುತ್ತಲೇ ಇರುತ್ತವೆ. ಆದರೆ ಅದರ ಲೆಕ್ಕ ಬರೆದಿಡುವವರು ಯಾರೂ ಇಲ್ಲ.

ಹಾಗಾಗಿಯೇ ಪಕ್ಕದಲ್ಲಿ ನಿಂತು ನೋಡುವ ವಿಧಾನಗಳು ಬಂದವು. ಫಿನ್‌ಲೆಂಡಿನ ಓವಾಕೊ ಉಕ್ಕಿನ ಕಂಪನಿಯಲ್ಲಿ 1970ರ ದಶಕದಲ್ಲಿ ರೂಪುಗೊಂಡ ‘ಓವಾಸ್’ ಪದ್ಧತಿಯಲ್ಲಿ ಪ್ರತಿ ಭಂಗಿಗೂ ನಾಲ್ಕಂಕಿಯ ಗುರುತು. 2121 ಎಂದರೆ ಬೆನ್ನು ಬಗ್ಗಿದೆ, ಎರಡೂ ಕೈ ಭುಜದ ಕೆಳಗಿವೆ, ಎರಡೂ ಕಾಲು ನೆಟ್ಟಗಿವೆ, ಭಾರ 10 ಕಿಲೋ ಮೀರಿಲ್ಲ. ಇಂಥ 252 ಜೋಡಣೆಗಳಿವೆ. ಬೆಳಗಿನಿಂದ ಸಂಜೆಯವರೆಗೆ ಒಬ್ಬರ ಹಿಂದೆ ಇನ್ನೊಬ್ಬರು ಪಟ್ಟಿ ಹಿಡಿದು ನಿಲ್ಲಬೇಕೆಂದರೆ ದುಬಾರಿಯೇ. ಈಗ ಆ ಕೆಲಸಕ್ಕೆ ಬೆನ್ನಿಗೂ ತೊಡೆಗೂ ಅಂಟಿಸುವ ಪುಟ್ಟ ಆಕ್ಸೆಲೆರೋಮೀಟರ್‌ಗಳಿವೆ. ಗುರುತ್ವ ಯಾವ ದಿಕ್ಕಿಗೆ ಎಳೆಯುತ್ತಿದೆ ಎಂಬುದರಿಂದ ಅವು ಮೈ ಬಾಗಿದ ಕೋನವನ್ನು ಲೆಕ್ಕ ಹಾಕುತ್ತವೆ.

ಅಂದಾಜಿನ ತಪ್ಪು ಎಲ್ಲರದೂ ಒಂದೇ ಥರದ್ದಾದರೆ ಹೇಗೋ ಸರಿತೂಗಿಸಬಹುದಿತ್ತು. ನೋವು ಅದಕ್ಕೂ ಅಡ್ಡ ಬರುತ್ತದೆ. ಸೊಂಟ ಹಿಡಿದುಕೊಂಡವರಿಗೆ ಪ್ರತಿ ಬಾಗುವಿಕೆಯೂ ಲೆಕ್ಕಕ್ಕೆ ಬರುತ್ತದೆ, ಆರಾಮಾಗಿರುವವರಿಗೆ ಅದು ಗಮನಕ್ಕೇ ಬರುವುದಿಲ್ಲ. ಒಂದೇ ಕೆಲಸ ಮಾಡುವ ಇಬ್ಬರ ಉತ್ತರ ಹೀಗೆ ಬೇರೆಯಾದರೆ, ಬಗ್ಗಿದ್ದಕ್ಕೇ ನೋವು ಬಂತು ಎಂಬ ತೀರ್ಮಾನ ಕಾಗದದ ಮೇಲೆ ತಾನಾಗಿಯೇ ಗಟ್ಟಿಯಾಗಿಬಿಡುತ್ತದೆ. ಡೆನ್ಮಾರ್ಕಿನಲ್ಲಿ ದೈಹಿಕ ಶ್ರಮದ ಕೆಲಸಗಾರರಿಗೆ ಉಪಕರಣ ಕಟ್ಟಿ ಅಳೆದ ಅಧ್ಯಯನವೊಂದರಲ್ಲಿ ಹೆಚ್ಚು ಬಗ್ಗುವವರಿಗೇ ಹೆಚ್ಚು ನೋವು ಎಂಬ ನಂಟು ಕಾಣಲಿಲ್ಲ. ಬಗ್ಗುವುದು ನಿರುಪದ್ರವಿ ಎಂದು ಇದರರ್ಥವಲ್ಲ. ನೋವಿರುವವರು ಆಗಲೇ ಬಗ್ಗುವುದನ್ನು ಕಡಿಮೆ ಮಾಡಿದ್ದಿರಬಹುದು.

ಕಚೇರಿಯವರ ಅಂದಾಜೂ ಇದಕ್ಕಿಂತ ಉತ್ತಮವೇನಲ್ಲ. ಕಂಪ್ಯೂಟರಿನಲ್ಲೇ ತಂತ್ರಾಂಶ ಕೂರಿಸಿ ಎಣಿಸಿದಾಗ, ಕೀಲಿಮಣೆ, ಮೌಸ್ ಬಳಸಿದ ಹೊತ್ತನ್ನು ಜನ ಹೆಚ್ಚಾಗಿಯೇ ಹೇಳುವುದು ಕಂಡುಬಂದಿದೆ.

ಹಾಗೆಂದು ಪ್ರಶ್ನಾವಳಿಯನ್ನು ಮೂಲೆಗೆ ಎಸೆಯುವಂತಿಲ್ಲ. ಇವತ್ತು ಕಟ್ಟಿದ ಯಂತ್ರ ಹತ್ತು ವರ್ಷದ ಹಿಂದಿನ ಕೆಲಸವನ್ನು ಅಳೆಯಲಾರದು. ಶೂ ಲೇಸ್ ಕಟ್ಟಲು ಬಗ್ಗಿದ್ದಕ್ಕೂ 20 ಕಿಲೋ ಮೂಟೆ ಎತ್ತಲು ಬಗ್ಗಿದ್ದಕ್ಕೂ ಅದು ತೋರಿಸುವ ಕೋನ ಒಂದೇ ಆಗಿರಬಹುದು. ಎತ್ತಿದ್ದು ಏನನ್ನು ಎಂದು ತಿಳಿಯಲು ಮತ್ತೆ ಕೆಲಸಗಾರರನ್ನೇ ಕೇಳಬೇಕು.