ಬೆಕ್ಕಿನ ಮುಖ ನೋಡಿ ನೋವು ತಿಳಿಯಿರಿ
ಮಹಾನಗರದ ಫ್ಲ್ಯಾಟ್‌ಗಳಲ್ಲಿ ಬೆಕ್ಕು ಸಾಕುವ ನಮ್ಮವರು ಗಮನಿಸಬೇಕಾದ ವಿಷಯವಿದು. ಸದಾ ಕಾಲಿಗೆ ಸುತ್ತುವ ಬೆಕ್ಕು ಮಂಚದಡಿ ಸೇರಿ ಹೊರಬರದಿದ್ದರೆ ಮುನಿಸು ಎಂದುಕೊಳ್ಳಬೇಡಿ, ನೋವಿರಬಹುದು.

ಬೆಕ್ಕು ನೋವನ್ನು ತೋರಿಸಿಕೊಳ್ಳುವುದು ಕಡಿಮೆ. ಆಸ್ಪತ್ರೆಯಲ್ಲಿ ಮುದುಡಿ ಕುಳಿತರೆ ಭಯವೋ ನೋವೋ ಎಂದು ವೈದ್ಯರಿಗೂ ತಿಳಿಯುವುದು ಕಷ್ಟ. 2019ರಲ್ಲಿ ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು ಮುಖ ನೋಡಿ ನೋವು ಅಳೆಯುವ ಮಾಪಕ ಪ್ರಕಟಿಸಿದರು. ಕಿವಿ, ಕಣ್ಣು, ಮೂತಿ, ಮೀಸೆ, ತಲೆಯ ಭಂಗಿ - ಪ್ರತಿಯೊಂದಕ್ಕೂ 0ರಿಂದ 2 ಅಂಕ. ಒಟ್ಟು 10ರಲ್ಲಿ 4 ಅಥವಾ ಹೆಚ್ಚು ಬಂದರೆ ನೋವುನಿವಾರಕ ಬೇಕಾಗಬಹುದು.

ಗಂಡು ಬೆಕ್ಕು ಪದೇ ಪದೇ ಮೂತ್ರಕ್ಕೆ ಕುಳಿತು ತಿಣುಕಿದರೆ ಕೂಡಲೇ ವೈದ್ಯರಲ್ಲಿಗೆ ಒಯ್ಯಿರಿ. ಮೂತ್ರನಾಳ ಕಟ್ಟಿದರೆ ಒಂದೆರಡು ದಿನದಲ್ಲೇ ಪ್ರಾಣಾಪಾಯ. ನಾವು ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಮನೆಯಲ್ಲಿನ ವರ್ತನೆಯನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ ತೋರಿಸಿದರೆ ರೋಗ ಪತ್ತೆ ಸುಲಭವಾಗುತ್ತದೆ.